ತಿರುಗುವ ಆಟಗಳಲ್ಲಿ ವಾಕರಿಕೆ ಬಾರದಂತೆ ನೋಡಿಕೊಳ್ಳುವ ಬಗೆ

ಮನರಂಜನಾ ಉದ್ಯಾನಕ್ಕೆ ಹೊರಡುವವರು ಸಾಮಾನ್ಯವಾಗಿ ಅಂಜುವುದು ಎತ್ತರದ, ವೇಗದ ಆಟಗಳಿಗೆ. ಆದರೆ ಹೊಟ್ಟೆ ತೊಳಸುವಂತೆ ಮಾಡುವುದು ಹೆಚ್ಚಾಗಿ ನೆಲದ ಮಟ್ಟದಲ್ಲೇ ಗಿರಗಿರನೆ ತಿರುಗುವ, ನೋಡಲು ಸಾಧುವಾದ ಆಟಗಳು. ಮೇಲಿಂದ ನೇರವಾಗಿ ಕೆಳಗಿಳಿಯುವ ಆಟದಲ್ಲಿ ಎದೆ ಝಲ್ಲೆಂದರೂ ಅದು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಒಂದು ದೊಡ್ಡ ತಟ್ಟೆಯ ಮೇಲೆ ಸುತ್ತುತ್ತಲೇ ತನ್ನಷ್ಟಕ್ಕೆ ತಾನೂ ತಿರುಗುವ ಬಟ್ಟಲಿನಂಥ ಆಸನದಲ್ಲಿ ಕುಳಿತರೆ ಭಯವೇನೂ ಆಗುವುದಿಲ್ಲ, ಇಳಿದ ಮೇಲೆ ವಾಂತಿಯಾಗುತ್ತದೆ.

ಇದಕ್ಕೆ ಕಾರಣ ಒಳಕಿವಿಯಲ್ಲಿದೆ. ಅಲ್ಲಿನ ಮೂರು ಅರೆವೃತ್ತಾಕಾರದ ನಾಳಗಳಲ್ಲಿರುವ ದ್ರವದ ಚಲನೆಯಿಂದ, ತಲೆ ಯಾವ ಕಡೆಗೆ ತಿರುಗುತ್ತಿದೆ ಎಂಬುದು ಮೆದುಳಿಗೆ ತಿಳಿಯುತ್ತದೆ. ಆಟ ನಿಂತ ಮೇಲೂ ದ್ರವ ಕೂಡಲೇ ನಿಲ್ಲುವುದಿಲ್ಲವಾದ್ದರಿಂದ, ಕಣ್ಣು ‘ನಿಂತಿದ್ದೇವೆ’ ಎಂದು ಹೇಳುತ್ತಿರುವಾಗಲೇ ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಹೀಗೆ ಎರಡು ಸುದ್ದಿಗಳು ಹೊಂದಿಕೆಯಾಗದಿದ್ದಾಗ ಬೆವರು, ಆಕಳಿಕೆ, ಬಾಯಲ್ಲಿ ನೀರೂರುವುದು, ಆಮೇಲೆ ವಾಕರಿಕೆ ಕಾಣಿಸಿಕೊಳ್ಳುತ್ತವೆ. ಚಾರ್ಮಾಡಿ, ಆಗುಂಬೆ ಘಾಟಿಗಳ ತಿರುವುಗಳಲ್ಲಿ ಬಸ್ಸಿನ ಕಿಟಕಿ ಹುಡುಕುವವರು ತಮಗೆ ಇಲ್ಲಿಯೂ ಇದು ಬರಬಹುದೆಂದು ತಿಳಿದೇ ಹೊರಡಬೇಕು. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೂ ಮೈಗ್ರೇನ್ ತಲೆನೋವು ಇರುವವರಿಗೂ ಈ ಕಾಟ ಹೆಚ್ಚು.

ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿಯಾಗದು ಎಂಬ ನಂಬಿಕೆ ಸರಿಯಲ್ಲ. ಹಸಿದ ಹೊಟ್ಟೆಯೂ ಬಿರಿಯುವಂತೆ ತುಂಬಿದ ಹೊಟ್ಟೆಯಷ್ಟೇ ತೊಂದರೆ ಕೊಡುತ್ತದೆ. ಆಟ ಹತ್ತುವುದಕ್ಕೆ ಒಂದೆರಡು ಗಂಟೆ ಮೊದಲು ಹಗುರವಾದ ತಿಂಡಿ ತಿನ್ನುವುದು ಉತ್ತಮ. ಬೆಂಗಳೂರಿನಿಂದ ಬಿಡದಿಯ ಬಳಿಯ ವಂಡರ್‌ಲಾಕ್ಕೆ ಹೋಗುವವರಿಗೆ ಆ ಊರಿನ ತಟ್ಟೆ ಇಡ್ಲಿ ದಾರಿಯಲ್ಲೇ ಸಿಗುತ್ತದೆ. ಇಡ್ಲಿ ತಿನ್ನಲು ಅಡ್ಡಿಯಿಲ್ಲ, ಮೇಲಿನ ಬೆಣ್ಣೆಯನ್ನೂ ಜೊತೆಗಿನ ವಡೆಯನ್ನೂ ಸಂಜೆಗೆ ಉಳಿಸಿಕೊಳ್ಳುವುದು ಜಾಣತನ. ಬಿಸಿಲಿನಲ್ಲಿ ಸಾಲಿನಲ್ಲಿ ನಿಂತು ಬಳಲಿದರೆ ವಾಕರಿಕೆ ಬೇಗ ಬರುವುದರಿಂದ ಆಗಾಗ ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿರಬೇಕು.

ಮಾತ್ರೆಯ ವಿಷಯದಲ್ಲಿ ಎರಡು ತಪ್ಪುಗಳು ಸಾಮಾನ್ಯ. ವಾಕರಿಕೆ ಶುರುವಾದ ಮೇಲೆ ನುಂಗುವುದು ಮೊದಲನೆಯದು. ಅಷ್ಟುಹೊತ್ತಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವೋಮಿನ್ ಹೆಸರಿನಲ್ಲಿ ಸಿಗುವ ಪ್ರೊಮೆಥಜೀನ್‌ನಂತಹ ಔಷಧವನ್ನು ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕಾಗುತ್ತದೆ. ಹೊಟ್ಟೆ ಕೆಟ್ಟಾಗ ವಾಂತಿ ನಿಲ್ಲಿಸಲು ವೈದ್ಯರು ಬರೆದುಕೊಟ್ಟಿದ್ದ ಒಂಡಾನ್‌ಸೆಟ್ರಾನ್ ಮಾತ್ರೆಯನ್ನೇ ಇದಕ್ಕೂ ನುಂಗುವುದು ಎರಡನೆಯದು. ಚಲನೆಯಿಂದ ಬರುವ ವಾಕರಿಕೆಯನ್ನು ತಡೆಯುವಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪ್ರೊಮೆಥಜೀನ್ ನಿದ್ದೆ ತರಿಸುವುದರಿಂದ ಅದನ್ನು ತೆಗೆದುಕೊಂಡವರು ಮರಳುವಾಗ ವಾಹನ ಓಡಿಸಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು, ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಕೊಡಬೇಕು. ಶುಂಠಿಯಿಂದ ಕೆಲವರಿಗೆ ಉಪಶಮನ ಸಿಗುತ್ತದೆ, ಎಲ್ಲರಿಗೂ ಅಲ್ಲ.

ಇಷ್ಟೆಲ್ಲದಕ್ಕಿಂತ ಹೆಚ್ಚು ಫಲ ಕೊಡುವುದು ಆಟಗಳ ಆಯ್ಕೆ ಮತ್ತು ಕ್ರಮ. ಪ್ರವೇಶದ್ವಾರದ ಬಳಿ ಕಂಡ ಆಟವನ್ನೆಲ್ಲ ಸರದಿಯಂತೆ ಹತ್ತುವ ಬದಲು, ಹಳಿಯ ಮೇಲೆ ಮುಂದಕ್ಕೆ ಸಾಗುವ ಆಟಗಳನ್ನು ಮೊದಲು ಮುಗಿಸಿ, ಗಿರಗಿರನೆ ತಿರುಗುವವನ್ನು ಒಂದರ ಹಿಂದೊಂದು ಬಾರದಂತೆ ದೂರದೂರ ಇಟ್ಟುಕೊಳ್ಳಬೇಕು. ರೋಲರ್ ಕೋಸ್ಟರ್‌ನಲ್ಲಿ ಮುಂದಿನ ಸಾಲು ಹಿತ, ಏಕೆಂದರೆ ಬರಲಿರುವ ತಿರುವು ಕಣ್ಣಿಗೆ ಮೊದಲೇ ಕಾಣುತ್ತದೆ. ಜಾತ್ರೆಗಳಲ್ಲೂ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲೂ ಕಾಣಸಿಗುವ ಕೊಲಂಬಸ್ ದೋಣಿಯಲ್ಲಿ ತುದಿಯ ಆಸನಗಳು ಹೆಚ್ಚು ಮೇಲೇರುತ್ತವಾದ್ದರಿಂದ ನಡುವೆ ಕುಳಿತುಕೊಳ್ಳಬೇಕು. ಸ್ನೇಹಿತರು ನಗಬಹುದು, ನಗಲಿ.

ಆಟ ಶುರುವಾದ ಮೇಲೆ ತಲೆಯನ್ನು ಆಸನದ ಹಿಂಬದಿಗೆ ಒತ್ತಿ ಹಿಡಿಯಬೇಕು. ದೇಹ ತಿರುಗುತ್ತಿರುವಾಗ ಪಕ್ಕದವರನ್ನು ಮಾತನಾಡಿಸಲು ತಲೆಯನ್ನು ವಾಲಿಸಿದರೆ ಒಳಕಿವಿಯ ಬೇರೆ ನಾಳಗಳಲ್ಲಿಯೂ ಒಮ್ಮೆಲೇ ದ್ರವ ಕದಲಿ, ಅಲ್ಲಿಯವರೆಗೆ ಏನೂ ಆಗದಿದ್ದವರಿಗೂ ಹೊಟ್ಟೆ ತೊಳಸಬಹುದು. ಹಳಿಯ ಮೇಲಿನ ಆಟದಲ್ಲಿ ಮುಂದೆ ದೂರಕ್ಕೆ ನೋಡಬೇಕು. ತಿರುಗುವ ಆಟದಲ್ಲಿ ಹೊರಗೆ ಓಡುತ್ತಿರುವ ಜನರನ್ನೂ ಮರಗಳನ್ನೂ ನೋಡದೆ, ನಮ್ಮೊಡನೆಯೇ ತಿರುಗುತ್ತಿರುವ ಹಿಡಿಕೆಯ ಮೇಲೆ ಕಣ್ಣಿಡಬೇಕು. ಪರದೆಯ ಮುಂದೆ ಆಸನ ಅಲುಗಾಡುವ ತ್ರೀ-ಡಿ ಆಟಗಳಲ್ಲಿ ಓಡಾಟವೆಲ್ಲ ಹೆಚ್ಚಾಗಿ ಕಣ್ಣಿಗೇ ಹೊರತು ದೇಹಕ್ಕಲ್ಲ. ಅಲ್ಲಿ ಕಣ್ಣು ಮುಚ್ಚಿಕೊಂಡರೆ ಸಾಕು.

ಇಳಿದ ಕೂಡಲೇ ಮೊಬೈಲ್ ತೆಗೆಯದೆ ನೆರಳಿನಲ್ಲಿ ಕುಳಿತು, ದೂರದ ಸ್ಥಿರವಾದ ಕಟ್ಟಡವನ್ನೋ ಮರವನ್ನೋ ನೋಡುತ್ತ ನಿಧಾನವಾಗಿ ಉಸಿರಾಡಬೇಕು. ಬೆವರು, ಆಕಳಿಕೆಗಳು ಪೂರ್ತಿ ನಿಲ್ಲುವ ಮೊದಲು ಇನ್ನೊಂದು ಆಟ ಹತ್ತಿದರೆ ಅದು ಹಿಂದಿನದರ ಮೇಲೆಯೇ ಕೂಡಿಕೊಳ್ಳುತ್ತದೆ. ಗರ್ಭಿಣಿಯರು, ಹೃದ್ರೋಗ ಅಥವಾ ಕುತ್ತಿಗೆ, ಬೆನ್ನಿನ ತೊಂದರೆ ಇರುವವರು ಇಂತಹ ಆಟಗಳನ್ನು ಹತ್ತಲೇಬಾರದು. ತಲೆಸುತ್ತು ಗಂಟೆಗಟ್ಟಲೆ ಇಳಿಯದಿದ್ದರೆ, ತೀವ್ರ ತಲೆನೋವು ಬಂದರೆ, ಮಾತು ತೊದಲಿದರೆ ಅದನ್ನು ಬರಿಯ ವಾಕರಿಕೆಯೆಂದು ಭಾವಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.