ಡಬ್ಬಿ ಬಿಡಿ, ಚಿಪ್ಪಿನ ನಂಬರ್ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಾದ ಮೇಲೆ ಉಡುಪಿಯ ನನ್ನ ಸರ್ವಿಸ್ ಅಂಗಡಿಗೆ ಹಳೆ ಲ್ಯಾಪ್‌ಟಾಪುಗಳು ಜಾಸ್ತಿ ಬರತೊಡಗಿದವು. ವಿಂಡೋಸ್ 11 ಅವಕ್ಕೆ ಆಗುವುದಿಲ್ಲ, ಗುಜರಿಗೆ ಹಾಕಲು ಮನಸ್ಸಿಲ್ಲ. ನಾನು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ. ಸ್ಕ್ರೀನ್, ಸೌಂಡ್, ಟಚ್‌ಪ್ಯಾಡ್ ಸಾಮಾನ್ಯವಾಗಿ ತನ್ನಷ್ಟಕ್ಕೆ ಸರಿಯಾಗುತ್ತವೆ. ತಲೆ ತಿನ್ನುವುದು ವೈಫೈ.

ಲಿನಕ್ಸಿನಲ್ಲಿ ಹೆಚ್ಚಿನ ಡ್ರೈವರುಗಳು, ಅಂದರೆ ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರುಗಳು, ಸಿಸ್ಟಮಿನ ತಿರುಳಾದ ಕರ್ನಲ್ ಜೊತೆಗೇ ಬರುತ್ತವೆ. ಇಂಟೆಲ್ ವೈಫೈ ಕಾರ್ಡ್ ಇದ್ದರೆ ನನಗೆ ಕೆಲಸವೇ ಇಲ್ಲ. ಹಳೆ ಅಥೆರೋಸ್ ಕಾರ್ಡ್ ಕಂಡರೆ ಇನ್ನೂ ಖುಷಿ. ಎಟಿಎಚ್9ಕೆ ಎಂಬ ಡ್ರೈವರಿನಲ್ಲಿ ನಡೆಯುವ, ಮಷಿನಿನ ಒಳಗೆ ಕೂರುವ ಆ ಪಿಸಿಐ ಕಾರ್ಡುಗಳಿಗೆ ಬೇರೆ ಫರ್ಮ್‌ವೇರ್ ಫೈಲ್ (ಚಿಪ್ಪಿನೊಳಗೆ ತುಂಬುವ ಸಾಫ್ಟ್‌ವೇರ್) ಕೂಡ ಬೇಡ. ರಗಳೆ ಇರುವುದು ರಿಯಲ್‌ಟೆಕ್ ಮತ್ತು ಬ್ರಾಡ್‌ಕಾಮ್ ಚಿಪ್ಪುಗಳಲ್ಲಿ.

ಡಬ್ಬಿಯ ಮೇಲಿನ ಹೆಸರು ನೋಡಿ ಏನೂ ಹೇಳಲಿಕ್ಕಾಗುವುದಿಲ್ಲ. ಮಾಡೆಲ್ ಅದೇ ಇರುತ್ತದೆ, ವರ್ಷನ್ ಬದಲಾದಾಗ ಒಳಗಿನ ಚಿಪ್ಪೇ ಬೇರೆ. ಹಾಗಾಗಿ ಮೊದಲು ಕಮಾಂಡ್ ಬರೆಯುವ ಟರ್ಮಿನಲ್ ತೆರೆದು ಚಿಪ್ಪಿನ ಐಡಿ ನಂಬರ್ ನೋಡುತ್ತೇನೆ. ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ಆದರೆ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್, ಒಳಗಿನ ಕಾರ್ಡ್ ಆದರೆ ಎಲ್‌ಎಸ್‌ಪಿಸಿಐ (lspci).

ಸಂತೆಕಟ್ಟೆಯ ಜೆರಾಕ್ಸ್ ಅಂಗಡಿಯವರೊಬ್ಬರು ತಮ್ಮ ಡೆಸ್ಕ್‌ಟಾಪಿಗೆ ಹೊಸ ಡಾಂಗಲ್ ತಂದಿದ್ದರು. ಚುಚ್ಚಿದರೆ ವೈಫೈ ಇಲ್ಲ, ಪರದೆಯ ಮೇಲೆ ಒಂದು ಸೀಡಿ ಚಿತ್ರ ಬಂತು. "ಎಂಥ ಮಾರಾಯ್ರೆ ಇದು, ನಾನು ತಂದದ್ದು ವೈಫೈ ಅಲ್ವಾ?" ಅಂದರು. ಐಡಿ ನೋಡಿದೆ: 0ಬಿಡಿಎ, ಅಂದರೆ ರಿಯಲ್‌ಟೆಕ್. ಅದರ ಮುಂದೆ 1ಎ2ಬಿ. ಅಲ್ಲಿಗೇ ಗೊತ್ತಾಯಿತು. ಈ ಡಾಂಗಲ್ ಹೊಟ್ಟೆಯಲ್ಲೇ ವಿಂಡೋಸ್ ಡ್ರೈವರ್ ಇಟ್ಟುಕೊಂಡು ಮೊದಲು ಸೀಡಿ ಡ್ರೈವಿನ ವೇಷ ಹಾಕುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಆ ಸೀಡಿಯನ್ನು ಎಜೆಕ್ಟ್ ಮಾಡಿದೆ. ಮತ್ತೆ ನೋಡಿದರೆ ನಂಬರ್ ಸಿ811 ಆಗಿತ್ತು. ಡ್ರೈವರ್ ಬೇಕಾದದ್ದು ಈ ನಂಬರಿಗೆ. ಈ ಯುಎಸ್‌ಬಿ ಚಿಪ್ಪಿನ ಡ್ರೈವರ್ ಕರ್ನಲ್ ಒಳಗೆ ಬಂದದ್ದು 2023ರಲ್ಲಿ, ಕರ್ನಲಿನ 6.2 ವರ್ಷನ್‌ನಿಂದ. ಅವರಲ್ಲಿದ್ದದ್ದು ಮಿಂಟ್ 21, ಅದರ ಕರ್ನಲ್ 5.15. ಹೊರಗಿನಿಂದ ಡ್ರೈವರ್ ಕೋಡ್ ತಂದು ಕಂಪೈಲ್ ಮಾಡಬಹುದಿತ್ತು. ಆದರೆ ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಅದನ್ನು ಹೊಸದಾಗಿ ಕಟ್ಟಬೇಕು. ಆ ಕೆಲಸವನ್ನು ತಾನಾಗಿ ಮಾಡಲು ಡಿಕೆಎಂಎಸ್ ಎಂಬ ಟೂಲ್ ಉಂಟು, ಅದೂ ಕೆಲವೊಮ್ಮೆ ಕೈಕೊಡುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಬೆಳಿಗ್ಗೆ ನೆಟ್ ಇಲ್ಲ ಅಂದರೆ ಫೋನ್ ಬರುವುದು ನನಗೆ. ಸುಮ್ನೆ 6.8 ಕರ್ನಲ್ ಇರುವ ಮಿಂಟ್ 22 ಹಾಕಿದೆ. ಎಜೆಕ್ಟ್ ಕೆಲಸ ತಾನಾಗಿ ಆಗುವಂತೆ ಡಾಂಗಲಿನ ವೇಷ ಬದಲಿಸುವ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಟೂಲಿಗೆ ಒಂದು ಸಾಲಿನ ರೂಲ್ ಬರೆದೆ.

ಬ್ರಾಡ್‌ಕಾಮಿನ 43142 ಚಿಪ್ಪಿನದ್ದು ಬೇರೆ ಕಥೆ. ಅದಕ್ಕೆ ಕಂಪನಿಯದ್ದೇ ಮುಚ್ಚಿದ (ಕೋಡ್ ಹೊರಗೆ ಬಿಡದ) ಡ್ರೈವರ್ ಬೇಕು. ಮಿಂಟಿನ ಡ್ರೈವರ್ ಮ್ಯಾನೇಜರ್ ಅದನ್ನು ತೋರಿಸುತ್ತದೆ, ಆದರೆ ಇಳಿಸಲು ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು! ನಾನು ಮೊಬೈಲಿಗೆ ಕೇಬಲ್ ಹಾಕಿ, ಅದರ ನೆಟ್ ಲ್ಯಾಪ್‌ಟಾಪಿಗೆ ಬರುವಂತೆ ಯುಎಸ್‌ಬಿ ಟೆದರಿಂಗ್ ಆನ್ ಮಾಡುತ್ತೇನೆ. ಇನ್‌ಸ್ಟಾಲ್ ಮಾಡುವಾಗ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ಕಾವಲು) ಆನ್ ಇದ್ದರೆ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ ಎನ್ರೋಲ್ ಮೋಕ್ (Enroll MOK), ಅಂದರೆ ಡ್ರೈವರಿನ ಸಹಿಯ ಕೀ ಒಪ್ಪಿಕೊಳ್ಳುವ ಆಯ್ಕೆ, ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಹೆಚ್ಚಿನವರು ಹೆದರಿ ಕಂಟಿನ್ಯೂ ಒತ್ತುತ್ತಾರೆ, ಆಮೇಲೆ ಡ್ರೈವರ್ ಲೋಡ್ ಆಗ್ತಿಲ್ಲ ಅಂತ ಬರುತ್ತಾರೆ. ಕಾರ್ಡನ್ನೇ ಬದಲಿಸುವುದೂ ಒಂದು ದಾರಿ. ಆದರೆ ಕೆಲವು ಲ್ಯಾಪ್‌ಟಾಪಿನ ಬಯೋಸ್ (ಮಷಿನ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಬೇರೆ ಕಾರ್ಡ್ ಕಂಡರೆ ಬೂಟ್ ಆಗಲು ಬಿಡುವುದಿಲ್ಲ. ಹೆಸರಿನ ಕೊನೆಗೆ 211 ಇರುವ ಇಂಟೆಲ್ ಎಎಕ್ಸ್ ಕಾರ್ಡಂತೂ ಹೊಂದುವ ಇಂಟೆಲ್ ಪ್ರೊಸೆಸರ್ ಇದ್ದಲ್ಲಿ ಮಾತ್ರ ನಡೆಯುತ್ತದೆ. 210 ತಗೊಳ್ಳಿ.

ನಮ್ಮ ಕರಾವಳಿಯಲ್ಲಿ ಇನ್ನೆರಡು ವಿಷಯ ನೋಡಲೇಬೇಕು. ಮಲ್ಪೆ, ಕಾಪು ಕಡೆಯ ಮಷಿನುಗಳಲ್ಲಿ ಉಪ್ಪುಗಾಳಿಗೆ ಕಾರ್ಡಿನ ಹಲ್ಲು (ಸ್ಲಾಟಿಗೆ ತಾಗುವ ಲೋಹದ ಅಂಚು) ಮಂಕಾಗಿರುತ್ತದೆ. ಎಲ್‌ಎಸ್‌ಪಿಸಿಐಯಲ್ಲಿ ಕಾರ್ಡೇ ಕಾಣದಿದ್ದರೆ ಡ್ರೈವರ್ ಹುಡುಕುವ ಮೊದಲು ಅದನ್ನು ತೆಗೆದು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತೇನೆ. ಇನ್ನೊಂದು, ದಪ್ಪ ಮುರಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ಸಿಗ್ನಲ್ ಅದನ್ನು ದಾಟಲು ಒದ್ದಾಡುತ್ತದೆ. ಹಾಲ್‌ನಲ್ಲಿ ಸರಿ ಇದ್ದು ಚಾವಡಿಯಲ್ಲಿ ಕಟ್ ಆಗುತ್ತದೆ ಅಂದರೆ ರೂಟರಿನ 2.4 ಗಿಗಾಹರ್ಟ್ಸ್ ಸಿಗ್ನಲಿಗೆ ಜೋಡಿಸಿ ನೋಡಿ, ಆಮೇಲೆ ಲ್ಯಾಪ್‌ಟಾಪ್ ತನ್ನಿ.