18 ವರ್ಷದ ಹೆಸರನ್ನು ನಾವು ಬದಲಿಸಿದ್ದು ಹೀಗೆ

ನಮ್ಮ ಸಂಸ್ಥೆಯ ಹಳೇ ಹೆಸರಿನಲ್ಲಿ 'ಪ್ರಿಂಟರ್ಸ್' ಅನ್ನುವ ಪದವಿತ್ತು. ಆದರೆ ಪ್ರಿಂಟಿಂಗ್ ಬಿಟ್ಟು ಪ್ಯಾಕೇಜಿಂಗ್ ಡಿಸೈನ್‌ಗೆ ಬಂದು 5 ವರ್ಷವಾಗಿತ್ತು. ಹೊಸಬರು ಫೋನ್ ಮಾಡಿ ವಿಸಿಟಿಂಗ್ ಕಾರ್ಡ್ ರೇಟ್ ಕೇಳುತ್ತಿದ್ದರು. ಹೆಸರು ಬದಲಿಸದೆ ಬೇರೆ ದಾರಿ ಇರಲಿಲ್ಲ.

ಪಟ್ಟಿಯಲ್ಲಿ 11 ಹೆಸರಿದ್ದವು. ಟ್ರೇಡ್‌ಮಾರ್ಕ್, ಅಂದರೆ ಬೇರೆಯವರು ಆಗಲೇ ನೋಂದಾಯಿಸಿಕೊಂಡ ಹೆಸರುಗಳನ್ನು ಹುಡುಕಿದಾಗಲೇ 7 ಬಿದ್ದುಹೋದವು. ಟ್ರೇಡ್‌ಮಾರ್ಕ್‌ನಲ್ಲಿ ಸರಕು, ಸೇವೆ ಎಲ್ಲ ಸೇರಿ 45 ವರ್ಗಗಳಿವೆ; ಇವತ್ತು ಮಾಡುವ ಕೆಲಸದ ವರ್ಗ ಮಾತ್ರ ನೋಡಿದರೆ ಸಾಲದು, ನಾಳೆ ಕಾಲಿಡಬಹುದಾದ ವರ್ಗವನ್ನೂ ನೋಡಿ. ಸ್ಪೆಲ್ಲಿಂಗ್ ಬೇರೆಯಾಗಿದ್ದು ಉಚ್ಚಾರ ಒಂದೇ ಆಗಿದ್ದರೂ ತೊಂದರೆಯೇ. ಉಳಿದ 4 ಹೆಸರನ್ನು ಫೋನಿನಲ್ಲಿ ಹೇಳಿ ನೋಡಿದೆವು. ಆ ಕಡೆಯವರು ಒಂದೇ ಸಲಕ್ಕೆ ಸರಿಯಾಗಿ ಬರೆದುಕೊಂಡಿದ್ದನ್ನು ಆರಿಸಿದೆವು. ಬ್ರಿಟನ್ನಿನ ಅಂಚೆ ಸಂಸ್ಥೆ 2001ರಲ್ಲಿ ಕನ್ಸೈನಿಯಾ ಅಂತ ಹೆಸರಿಟ್ಟುಕೊಂಡು, ಜನರಿಗೆ ಹಿಡಿಸದೆ ಮರುವರ್ಷವೇ ಕೈಬಿಟ್ಟಿತ್ತಲ್ಲ, ಆ ಭಯ ನಮಗೂ ಇತ್ತು.

ನಾವು ಎಡವಿದ್ದು ಬಿಲ್ಲಿನಲ್ಲಿ. ಹೊಸ ಹೆಸರಿನ ಜೊತೆಗೇ ಬ್ಯಾಂಕ್ ಖಾತೆಯನ್ನೂ ಬದಲಿಸಿ, ಎಲ್ಲರಿಗೂ ಒಂದು ಇಮೇಲ್ ಕಳಿಸಿ ಸುಮ್ನೆ ಕೂತೆವು. ಅಪರಿಚಿತ ಹೆಸರು, ಹೊಸ ಖಾತೆ ನಂಬರ್. ಮೋಸಗಾರರು ಮಾಡುವುದೂ ಇದನ್ನೇ ಅಲ್ವಾ? ಹಳೇ ಗ್ರಾಹಕರೊಬ್ಬರು ಪೇಮೆಂಟ್ ತಡೆಹಿಡಿದರು. ಅವರು ಮಾಡಿದ್ದೇ ಸರಿ. ಆಮೇಲೆ ನಾನೇ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಈಗ ಯಾರಾದರೂ ಕೇಳಿದರೆ ಮೊದಲು ಹೇಳುವುದು ಇದನ್ನೇ: ಹೆಸರು ಬದಲಿಸುವಾಗ ಖಾತೆಯನ್ನು ಮುಟ್ಟಬೇಡಿ, ಆರು ತಿಂಗಳು ಬಿಟ್ಟು ಮಾಡಿ, ಮತ್ತು ಹೊರಗಿನವರಿಗೆ ಗೊತ್ತಾಗುವ ಮೊದಲು ಹಳೇ ಗ್ರಾಹಕರಿಗೆ ಬಾಯಿಬಿಟ್ಟು ಹೇಳಿ. ಒಂದು ವರ್ಷ ಬಿಲ್ಲಿನಲ್ಲಿ ಹೊಸ ಹೆಸರಿನ ಕೆಳಗೆ ಹಳೆಯದೂ ಇರಲಿ.

ವೆಬ್‌ಸೈಟಿನ ಹಳೇ ಪುಟಗಳನ್ನೆಲ್ಲ ಹೊಸ ಹೋಮ್ ಪೇಜಿಗೆ ತಿರುಗಿಸುವುದು ಸುಲಭ, ಆದರೆ ತಪ್ಪು. ಪ್ರತಿ ಪುಟವೂ ಅದರದೇ ಹೊಸ ಪುಟಕ್ಕೆ 301 ರೀಡೈರೆಕ್ಟ್‌ನಲ್ಲಿ (ಪುಟ ಶಾಶ್ವತವಾಗಿ ಹೊಸ ವಿಳಾಸಕ್ಕೆ ಹೋಗಿದೆ ಅಂತ ತಿಳಿಸುವ ಸೂಚನೆ) ಹೋಗಬೇಕು. ಇಲ್ಲದಿದ್ದರೆ ಇಷ್ಟು ವರ್ಷ ಸರ್ಚ್‌ನಲ್ಲಿ ಗಳಿಸಿದ ಜಾಗ ಕೈತಪ್ಪುತ್ತದೆ.

ಹಳೇ ಡೊಮೇನನ್ನು (ವೆಬ್‌ಸೈಟ್, ಇಮೇಲ್‌ನ ಹಳೇ ವಿಳಾಸ) ಮಾತ್ರ ಯಾವತ್ತೂ ಬಿಡಬೇಡಿ. ಬೇರೆ ಯಾರಾದರೂ ಕೊಂಡರೆ ಆ ವಿಳಾಸಕ್ಕೆ ಬರುವ ಇಮೇಲ್, ಪಾಸ್‌ವರ್ಡ್ ಬದಲಿಸುವ ಲಿಂಕ್ ಎಲ್ಲ ಅವರ ಕೈಗೆ ಸಿಗುತ್ತವೆ. ನಾವು ಪ್ರತಿ ವರ್ಷ ತಪ್ಪದೆ ರಿನ್ಯೂ ಮಾಡುತ್ತೇವೆ. ಕಳೆದ ತಿಂಗಳೂ ಹಳೇ ವಿಳಾಸಕ್ಕೇ ಒಂದು ಆರ್ಡರ್ ಬಂತು.