ಗ್ಲಿಯೋಬ್ಲಾಸ್ಟೋಮಾ ಕೋಶ ಬೆಳೆಸುವಾಗ ನಾವು ಅನುಸರಿಸುವ ಕ್ರಮ

ಗ್ಲಿಯೋಬ್ಲಾಸ್ಟೋಮಾ ಎಂಬ ಮಾರಕ ಮೆದುಳಿನ ಗೆಡ್ಡೆಯ ಕೋಶಗಳನ್ನು ಫ್ಲಾಸ್ಕಿನಲ್ಲಿ ಬದುಕಿಸುವುದಕ್ಕಿಂತ, ಅವು ರೋಗಿಯ ತಲೆಯೊಳಗೆ ಇದ್ದ ಹಾಗೇ ಉಳಿಯುವಂತೆ ನೋಡಿಕೊಳ್ಳುವುದು ಕಷ್ಟ. ಶೇ 10ರಷ್ಟು ಕರುವಿನ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಹಾಕಿದರೆ ಈ ಕೋಶಗಳು ತಳಕ್ಕೆ ಅಂಟಿ ಹುಲುಸಾಗಿ ಬೆಳೆಯುತ್ತವೆ. ಆದರೆ ಕಾಂಡಕೋಶದ ಗುಣ, ಅಂದರೆ ತಾನೂ ಹೆಚ್ಚುತ್ತ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸುವ ಗುಣ, ಹೋಗುತ್ತದೆ; ಕೋಶದ ಬೆಳವಣಿಗೆಗೆ ಚಾಲನೆ ಕೊಡುವ ಇಜಿಎಫ್‌ಆರ್ ಜೀನಿನ ಹೆಚ್ಚುವರಿ ಪ್ರತಿಗಳೂ ಸಾಮಾನ್ಯವಾಗಿ ಮಾಯವಾಗುತ್ತವೆ. ಹಾಗಾಗಿ ನಾವು ಸೀರಮ್ ಮುಟ್ಟುವುದಿಲ್ಲ.

ನೈತಿಕ ಸಮಿತಿಯ ಅನುಮತಿ, ರೋಗಿಯ ಒಪ್ಪಿಗೆ ಮೊದಲೇ ಕೈಯಲ್ಲಿರಬೇಕು. ಶಸ್ತ್ರಚಿಕಿತ್ಸಕರಿಗೆ ನಮ್ಮ ಕೋರಿಕೆ ಒಂದೇ: ಗೆಡ್ಡೆಯ ನಡುವಿನ ಸತ್ತ ಭಾಗ ಬೇಡ, ಸ್ಕ್ಯಾನಿನಲ್ಲಿ ಬೆಳಗುವ ಅಂಚಿನ ತುಂಡು ಕೊಡಿ, ಕಾಟರಿಯಲ್ಲಿ (ರಕ್ತ ನಿಲ್ಲಿಸಲು ಸುಡುವ ಉಪಕರಣ) ಸುಟ್ಟದ್ದಂತೂ ಬೇಡವೇ ಬೇಡ. ಅವರೆಕಾಳಿನಷ್ಟು ಸಿಕ್ಕರೂ ಸಾಕು. ಅದನ್ನು ತಣ್ಣಗಿನ ಮೀಡಿಯಮ್‌ನಲ್ಲಿ (ಕೋಶಗಳಿಗೆ ಬೇಕಾದ ಪೋಷಕ ದ್ರವ) ಮುಳುಗಿಸಿ ಐಸಿನ ಮೇಲಿಟ್ಟು ತಂದು, ಆದಷ್ಟೂ ಒಂದೆರಡು ಗಂಟೆಯೊಳಗೆ ಕೆಲಸ ಶುರುಮಾಡುತ್ತೇವೆ. ಮನುಷ್ಯರ ಹಸಿ ಅಂಗಾಂಶದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ವೈರಸ್ ಇದೆಯೆಂದೇ ಎಣಿಸಿ, ಎಲ್ಲವನ್ನೂ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನೊಳಗೇ ಮಾಡುತ್ತೇವೆ.

ರಕ್ತನಾಳ, ಹೆಪ್ಪುಗಟ್ಟಿದ ರಕ್ತ ತೆಗೆದು, ಎರಡು ಸ್ಕಾಲ್ಪೆಲ್‌ಗಳಿಂದ ರಾಗಿಕಾಳಿಗಿಂತ ಸಣ್ಣಗೆ ಕೊಚ್ಚುತ್ತೇವೆ. ಕೋಶಗಳನ್ನು ಬಿಡಿಬಿಡಿಯಾಗಿಸುವ ಅಕ್ಯುಟೇಸ್ ಎಂಬ ಕಿಣ್ವದ ದ್ರಾವಣದಲ್ಲಿ 37 ಡಿಗ್ರಿಯಲ್ಲಿ 10–15 ನಿಮಿಷ ಇಡುತ್ತೇವೆ. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಕೋಶ ಸಿಗುತ್ತದೆ ಎಂಬ ಆಸೆ ಬೇಡ, ಸಾಯುವ ಕೋಶಗಳೇ ಹೆಚ್ಚುತ್ತವೆ. ಟ್ಯೂಬಿನಲ್ಲಿ ಲೋಳೆ ಎಳೆಎಳೆಯಾಗಿ ಬಂದರೆ ಅದು ಒಡೆದ ಕೋಶಗಳ ಡಿಎನ್‌ಎ. ಅದರೊಳಗೆ ಒಳ್ಳೆಯ ಕೋಶಗಳೂ ಸಿಕ್ಕಿಕೊಳ್ಳುವುದರಿಂದ ಡಿಎನ್‌ಎ ಕತ್ತರಿಸುವ ಕಿಣ್ವವಾದ ಡಿಎನ್‌ಏಸ್ ಸ್ವಲ್ಪ ಸೇರಿಸಬೇಕು. 70 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಸೆಂಟ್ರಿಫ್ಯೂಜ್‌ನಲ್ಲಿ 300 ಜಿ ಬಲದಲ್ಲಿ (ಗುರುತ್ವದ 300 ಪಟ್ಟು) 5 ನಿಮಿಷ ತಿರುಗಿಸಿ, ತಳ ಕೆಂಪಗಿದ್ದರೆ ಅಮೋನಿಯಂ ಕ್ಲೋರೈಡ್ ಬಫರ್‌ನಿಂದ ಒಂದೆರಡು ನಿಮಿಷ ಕೆಂಪುರಕ್ತಕಣ ಒಡೆಸಿ ತೊಳೆಯುತ್ತೇವೆ.

ಮೀಡಿಯಮ್: ಡಿಎಂಇಎಂ/ಎಫ್12 ಎಂಬ ಮೂಲ ಪೋಷಕ ದ್ರವ 50 ಮಿ.ಲೀ.ಗೆ ನರಕೋಶಗಳಿಗೆಂದೇ ತಯಾರಾದ ಪೂರಕಗಳಾದ ಬಿ27 1 ಮಿ.ಲೀ., ಎನ್2 ಅರ್ಧ ಮಿ.ಲೀ.; ಬೆಳವಣಿಗೆಗೆ ಪ್ರಚೋದಿಸುವ ಪ್ರೋಟೀನುಗಳಾದ ಇಜಿಎಫ್ ಮತ್ತು ಬಿಎಫ್‌ಜಿಎಫ್ ತಲಾ ಮಿ.ಲೀ.ಗೆ 20 ನ್ಯಾನೊಗ್ರಾಂ, ಹೆಪಾರಿನ್ ಮಿ.ಲೀ.ಗೆ 2 ಮೈಕ್ರೊಗ್ರಾಂ. 37 ಡಿಗ್ರಿಯಲ್ಲಿ ಬಿಎಫ್‌ಜಿಎಫ್ ಬೇಗ ಕೆಡುತ್ತದೆ, ಹೆಪಾರಿನ್ ಹಾಕುವುದು ಅದನ್ನು ಕಾಪಾಡಲು. ಹಾಗಿದ್ದರೂ ಎರಡು-ಮೂರು ದಿನಕ್ಕೊಮ್ಮೆ ಇಜಿಎಫ್, ಬಿಎಫ್‌ಜಿಎಫ್ ಎರಡನ್ನೂ ಹೊಸದಾಗಿ ಸೇರಿಸಲೇಬೇಕು. ಶನಿವಾರ-ಭಾನುವಾರ ತಪ್ಪಿಸಿದರೆ ಸೋಮವಾರ ಫ್ಲಾಸ್ಕೇ ಹೇಳುತ್ತದೆ.

ಸತ್ತ ಕೋಶಗಳಿಗೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿ, ಮಿ.ಲೀ.ಗೆ 1 ಲಕ್ಷ ಜೀವಂತ ಕೋಶಗಳಂತೆ, ಕೋಶ ಅಂಟದ ಫ್ಲಾಸ್ಕಿಗೆ ಹಾಕುತ್ತೇವೆ. ಶೇ 5 ಇಂಗಾಲದ ಡೈಆಕ್ಸೈಡ್. ಕೋಶಗಳು ತಳಕ್ಕೆ ಅಂಟದೆ ತೇಲುತ್ತಲೇ ಹೆಚ್ಚಿ ಗೋಳ ಕಟ್ಟಬೇಕು, ಆದರೆ ಮೊದಲ ವಾರ ಕಾಣುವುದು ಬರೀ ಕಸ. ಹೊಸಬರು ಆಗಾಗ ಫ್ಲಾಸ್ಕ್ ತೆಗೆದು ಅಲ್ಲಾಡಿಸಿ ನೋಡುತ್ತಾರೆ. ಅಲುಗಿದಷ್ಟೂ ಕೋಶಗಳು ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ, ಅದನ್ನೇ ಬೆಳವಣಿಗೆ ಎಂದುಕೊಳ್ಳುತ್ತಾರೆ. ನಿಜವಾದ ಗೋಳದ ಅಂಚು ಹೊಳೆಯುತ್ತದೆ, ದಿನೇ ದಿನೇ ಗಾತ್ರ ಹೆಚ್ಚುತ್ತದೆ. ಗೋಳ ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಅಲ್ಲ: ಸಹಜ ನರಕಾಂಡಕೋಶಗಳೂ ಇದೇ ಮೀಡಿಯಮ್‌ನಲ್ಲಿ ಗೋಳ ಕಟ್ಟುತ್ತವೆ. 7ನೇ ಕ್ರೋಮೋಸೋಮ್ ಹೆಚ್ಚಿರುವುದು, 10ನೆಯದು ಕಡಿಮೆ ಇರುವುದು, ಇಂಥ ಗುರುತು ಮೂಲ ಗೆಡ್ಡೆಯೊಂದಿಗೆ ತಾಳೆಯಾಗಬೇಕು.

ಗೋಳ 150 ಮೈಕ್ರಾನ್ ತಲುಪುತ್ತಲೇ ಅದನ್ನು ಬಿಡಿ ಕೋಶಗಳಾಗಿ ಬಿಡಿಸಬೇಕು. ತಡಮಾಡಿದರೆ ಆಮ್ಲಜನಕ ಒಳಗೆ ತಲುಪದೆ ನಡುಭಾಗ ಕಪ್ಪಾಗಿ ಸಾಯುತ್ತದೆ. ಔಷಧ ಪರೀಕ್ಷೆಗೆ ಎಲ್ಲ ಕೋಶಕ್ಕೂ ಔಷಧ ಸಮನಾಗಿ ಮುಟ್ಟಬೇಕಾದ್ದರಿಂದ ಗೋಳ ಬಿಟ್ಟು, ಮಿ.ಲೀ.ಗೆ 10 ಮೈಕ್ರೊಗ್ರಾಂನಂತೆ ಲ್ಯಾಮಿನಿನ್ (ಕೋಶಗಳು ಅಂಟಿಕೊಳ್ಳುವ ಪ್ರೋಟೀನ್) ಬಳಿದ ತಟ್ಟೆಯಲ್ಲಿ ಒಂದೇ ಪದರವಾಗಿ ಬೆಳೆಸುತ್ತೇವೆ. ಲ್ಯಾಮಿನಿನ್ ಐಸಿನ ಮೇಲೇ ನಿಧಾನವಾಗಿ ಕರಗಲಿ, ಬೇಗ ಬಿಸಿಯಾದರೆ ಗಟ್ಟಿಯಾಗುತ್ತದೆ.

ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಸೇರಿಕೊಂಡರೆ ಮೀಡಿಯಮ್ ಕದಡುವುದಿಲ್ಲ. ಅದಕ್ಕೆ ಕೋಶಭಿತ್ತಿಯಿಲ್ಲದ್ದರಿಂದ ಪೆನಿಸಿಲಿನ್ ನಾಟುವುದೂ ಇಲ್ಲ. ಹಾಗಾಗಿ ಅದರ ಡಿಎನ್‌ಎ ಹುಡುಕಲು ಪ್ರತಿ ತಿಂಗಳು ಪಿಸಿಆರ್ ಪರೀಕ್ಷೆ ಮಾಡುತ್ತೇವೆ. ಕೋಶಗಳು ಯಾರವು ಎಂದು ಹೇಳುವ ಎಸ್‌ಟಿಆರ್ ಎಂಬ ಡಿಎನ್‌ಎ ಗುರುತನ್ನು ರೋಗಿಯ ರಕ್ತದೊಂದಿಗೆ ಮೊದಲ ದಿನಗಳಲ್ಲೇ ಹೋಲಿಸಿಡಬೇಕು. ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ: ಲೋಕವೆಲ್ಲ ಬಳಸಿದ ಯು87 ಎಂಬ ಗ್ಲಿಯೋಬ್ಲಾಸ್ಟೋಮಾ ಕೋಶಗಳು 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಹುಟ್ಟಿದವು ಎಂದೇ ನಂಬಿಕೆಯಿತ್ತು. ಕೋಶ ಬ್ಯಾಂಕಿನಿಂದ ಹಂಚಿಕೆಯಾಗುತ್ತಿರುವುದರ ಡಿಎನ್‌ಎ ಮೂಲ ಗೆಡ್ಡೆಗೆ ಹೊಂದುವುದಿಲ್ಲವೆಂದು 2016ರಲ್ಲಿ ಉಪ್ಸಾಲಾದ ಸಂಶೋಧಕರೇ ತೋರಿಸಿದರು.

ಮೂರನೇ ಪ್ಯಾಸೇಜ್ (ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕುವುದು) ಹೊತ್ತಿಗೆ ವಯಲ್ ಎಂಬ ಸಣ್ಣ ಸೀಸೆಗೆ 10 ಲಕ್ಷ ಕೋಶಗಳಂತೆ, ಹಿಮದ ಹರಳು ಕೋಶವನ್ನು ಒಡೆಯದಂತೆ ತಡೆಯುವ ಡಿಎಂಎಸ್‌ಒ ಶೇ 10ರಷ್ಟು ಸೇರಿಸಿ, ನಿಮಿಷಕ್ಕೆ 1 ಡಿಗ್ರಿ ಇಳಿಯುವಂತೆ ತಣಿಸಿ, ದ್ರವ ಸಾರಜನಕಕ್ಕೆ ಇಳಿಸುತ್ತೇವೆ. ಐಡಿಎಚ್1 ಎಂಬ ಜೀನಿನಲ್ಲಿ ಮಾರ್ಪಾಡು ಇರುವ ಗೆಡ್ಡೆಗಳ ಕೋಶಗಳು ಮಾತ್ರ ಇಷ್ಟೆಲ್ಲ ಮಾಡಿದರೂ ಸಾಮಾನ್ಯವಾಗಿ ಬೆಳೆಯುವುದಿಲ್ಲ.